ಮುರಿದುಕೊಂಡ ತೆರಿಗೆ, ತಾಳೆಯಾಗದ ಲೆಕ್ಕ

ಸಂಬಳದಿಂದ ಮುರಿದುಕೊಂಡ ತೆರಿಗೆ ಸರ್ಕಾರದ ಬೊಕ್ಕಸಕ್ಕೆ ಸೇರಿತೇ, ಸೇರಿದ್ದರೂ ಅದು ದುಡಿದವರ ಹೆಸರಿಗೇ ಜಮೆಯಾಯಿತೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಸುಮಾರು ನೂರು ವರ್ಷಗಳಿಂದ ಇದೆ. ಮಾರ್ಚ್ ಮುಗಿಯುತ್ತಿದ್ದಂತೆ ಕಂಪನಿಗಳ ಲೆಕ್ಕಪತ್ರ ವಿಭಾಗಗಳಲ್ಲಿ, ಶಾಲಾ ಕಾಲೇಜುಗಳ ಕಚೇರಿಗಳಲ್ಲಿ, ಖಜಾನೆಗಳಲ್ಲಿ ವರ್ಷವಿಡೀ ಕೊಟ್ಟ ಸಂಬಳ, ಹಿಡಿದ ತೆರಿಗೆ, ಕಟ್ಟಿದ ಚಲನ್, ನೌಕರರ ಪ್ಯಾನ್ ಸಂಖ್ಯೆ ಇವೆಲ್ಲವನ್ನೂ ಒಂದಕ್ಕೊಂದು ತಾಳೆ ನೋಡುವ ಕೆಲಸ ಶುರುವಾಗುತ್ತದೆ. ಇದನ್ನು ಗುಮಾಸ್ತಿಕೆಯ ಒಂದು ಸುತ್ತು ಎಂದುಕೊಂಡು ಸುಮ್ಮನಾಗುವುದೇ ರೂಢಿ. ಆದರೆ ಈ ತಾಳೆ ನೋಡುವ ಪದ್ಧತಿ ಬೆಳೆದು ಬಂದ ಬಗೆಯನ್ನು ಹಿಂಬಾಲಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಮುರಿದುಕೊಂಡ ಹಣ ಬೊಕ್ಕಸಕ್ಕೆ ತಲುಪದಿದ್ದರೆ ಆ ನಷ್ಟ ನೌಕರನದಲ್ಲ ಎಂದು ಕಾನೂನು ಬಹಳ ಹಿಂದೆಯೇ ತೀರ್ಮಾನಿಸಿತ್ತು. ಆ ತೀರ್ಮಾನ ಪುಸ್ತಕದಲ್ಲಿ ಹಾಗೆಯೇ ಉಳಿದಿರುವಾಗ, ಹಣ ಮುರಿದದ್ದಕ್ಕೆ ಸಾಕ್ಷಿ ಯಾವುದು ಎಂಬ ನಿಯಮ ಮಾತ್ರ ಬದಲಾಯಿತು. ನೌಕರನ ಕೈಯಲ್ಲಿದ್ದ ಸಹಿ ಮಾಡಿದ ಕಾಗದದಿಂದ ಸಾಕ್ಷ್ಯವು ಸರ್ಕಾರದ ಕಂಪ್ಯೂಟರಿನ ಖಾತೆಗೆ ಸ್ಥಳಾಂತರವಾಯಿತು. ಆ ಖಾತೆಯನ್ನು ಬರೆಯುವವನು ಮಾಲೀಕ, ಓದುವುದು ಇಲಾಖೆ, ಅದರ ತಪ್ಪಿಗೆ ದಂಡ ತೆರುವವನು ನೌಕರ. ವರ್ಷಾಂತ್ಯದ ತಾಳೆ ಇಷ್ಟು ಮುಖ್ಯವಾಗಿರುವುದು ಈ ಕಾರಣಕ್ಕೆ ಎಂಬುದು ಇಲ್ಲಿನ ವಾದ.

1857ರ ದಂಗೆಯನ್ನು ಹತ್ತಿಕ್ಕಲು ಆದ ಖರ್ಚಿನಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಮಂಡಿಸಿದ ಆಯವ್ಯಯದೊಂದಿಗೆ ಆದಾಯ ತೆರಿಗೆ ಈ ದೇಶಕ್ಕೆ ಬಂತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ವಿನಾಯಿತಿ, 500ರವರೆಗೆ ನೂರಕ್ಕೆ ಎರಡು, ಅದಕ್ಕೆ ಮೇಲ್ಪಟ್ಟು ನೂರಕ್ಕೆ ನಾಲ್ಕು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಲ್ಸನ್ ತೀರಿಕೊಂಡರು. ಐದು ವರ್ಷಕ್ಕೆಂದು ಮಾಡಿದ್ದ ಕಾಯ್ದೆ 1865ರಲ್ಲಿ ಮುಗಿದುಹೋಯಿತು. ತೆರಿಗೆ ನೆಲೆನಿಂತದ್ದು 1886ರ ಕಾಯ್ದೆಯಿಂದ. ಅದು ಆದಾಯವನ್ನು ನಾಲ್ಕು ಭಾಗ ಮಾಡಿ, ಮೊದಲನೆಯ ಭಾಗದಲ್ಲಿ ಸಂಬಳ ಮತ್ತು ಪಿಂಚಣಿಗಳನ್ನು ಇಟ್ಟಿತು. ವ್ಯಾಪಾರಿಯ ಲಾಭವನ್ನು ಅಂದಾಜು ಮಾಡಲು ಅಧಿಕಾರಿ ಅಂಗಡಿಯ ಕಡತಗಳನ್ನು ಕೆದಕಬೇಕಿತ್ತು. ಸರ್ಕಾರಿ ನೌಕರನ ಸಂಬಳವಾದರೋ ಖಜಾನೆಯಿಂದಲೇ ಹೊರಡುತ್ತಿತ್ತು. ಅಲ್ಲಿಯೇ ತೆರಿಗೆಯನ್ನು ಹಿಡಿದುಕೊಂಡರೆ ವಸೂಲಿಗೆ ಯಾರನ್ನೂ ಕಳಿಸಬೇಕಾಗಿರಲಿಲ್ಲ. ಮೂಲದಲ್ಲೇ ಕಡಿತ ಎಂಬ ಏರ್ಪಾಟು ಹುಟ್ಟಿದ್ದು ಸರ್ಕಾರದ ಈ ಅನುಕೂಲದಿಂದ. ಆ ಕಾಲದಲ್ಲಿ ಹಿಡಿಯುವವನೂ ಪಡೆಯುವವನೂ ಒಂದೇ ಸರ್ಕಾರವಾದ್ದರಿಂದ ಹಣ ನಡುದಾರಿಯಲ್ಲಿ ಕಾಣೆಯಾಗುವ ಪ್ರಶ್ನೆ ದೊಡ್ಡದಾಗಿ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು ಖಾಸಗಿ ಮಾಲೀಕರು ಈ ಕೆಲಸಕ್ಕೆ ಕಡ್ಡಾಯವಾಗಿ ಸೇರಿದ ಮೇಲೆ. 1922ರ ಆದಾಯ ತೆರಿಗೆ ಕಾಯ್ದೆಯ 18ನೇ ಕಲಂ ಸಂಬಳ ಕೊಡುವವರ ಮೇಲೆ ಕಡಿತದ ಹೊಣೆ ಹೊರಿಸಿತು. 21ನೇ ಕಲಂ ಮಾರ್ಚ್ 31 ಕಳೆದು ಮೂವತ್ತು ದಿನದೊಳಗೆ ಪ್ರತಿಯೊಬ್ಬ ನೌಕರನ ಹೆಸರು, ವಿಳಾಸ, ಕೊಟ್ಟ ಸಂಬಳ, ಹಿಡಿದ ತೆರಿಗೆ ತೋರಿಸುವ ವಾರ್ಷಿಕ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕೆಂದಿತು. ಇಂದಿನ ವರ್ಷಾಂತ್ಯದ ತಾಳೆಯ ಬೇರು ಇಲ್ಲಿದೆ: ಒಂದು ಕಡೆ ಮಾಲೀಕ ಇಲಾಖೆಗೆ ಕೊಡುವ ಪಟ್ಟಿ, ಇನ್ನೊಂದು ಕಡೆ ನೌಕರ ತನ್ನ ಲೆಕ್ಕದಲ್ಲಿ ತೋರಿಸುವ ಆದಾಯ. ಮೈಸೂರು ಸಂಸ್ಥಾನ ಆಗ ಈ ಕಾಯ್ದೆಯ ವ್ಯಾಪ್ತಿಯ ಹೊರಗಿತ್ತು. ಅಲ್ಲಿ 1923ರ ಮೈಸೂರು ಆದಾಯ ತೆರಿಗೆ ಕಾಯ್ದೆ ನಡೆಯುತ್ತಿತ್ತು. ಬೆಂಗಳೂರಿನ ಗಿರಣಿಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದ್ದ ಪ್ರದೇಶಕ್ಕೆ ಕೇಂದ್ರದ ಕಾನೂನು ಬಂದದ್ದು ಸಂಸ್ಥಾನಗಳ ಹಣಕಾಸು ಕೇಂದ್ರದೊಡನೆ ಒಂದಾದ 1950ರ ಏಪ್ರಿಲ್ 1ರಿಂದ. ಧಾರವಾಡ, ಮಂಗಳೂರಿನ ಕನ್ನಡಿಗ ನೌಕರರು ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿದ್ದುದರಿಂದ ಬ್ರಿಟಿಷ್ ಇಂಡಿಯಾದ ಕಾಯ್ದೆಗೆ ಮೊದಲೇ ಒಳಪಟ್ಟಿದ್ದರು.

1962ರ ಏಪ್ರಿಲ್ 1ರಂದು ಜಾರಿಗೆ ಬಂದ 1961ರ ಕಾಯ್ದೆ ಈ ಏರ್ಪಾಟಿಗೆ ಪೂರ್ಣ ರೂಪ ಕೊಟ್ಟಿತು. 192ನೇ ಕಲಂ ಸಂಬಳದಿಂದ ಕಡಿತ, 200 ಅದನ್ನು ಸರ್ಕಾರಕ್ಕೆ ಕಟ್ಟುವುದು, 201 ಕಟ್ಟದಿದ್ದರೆ ಮಾಲೀಕನೇ ಸುಸ್ತಿದಾರ ಎನ್ನುವುದು, 203 ನೌಕರನಿಗೆ ಪ್ರಮಾಣಪತ್ರ ಕೊಡುವುದು. ಈ ಪ್ರಮಾಣಪತ್ರವೇ ಸಂಬಳದಾರರೆಲ್ಲ ಬಲ್ಲ ಫಾರಂ 16. ಈ ಸಾಲಿನಲ್ಲಿ ನನ್ನ ದೃಷ್ಟಿಗೆ ಅತಿ ಮುಖ್ಯವಾದವು ಇನ್ನೆರಡು. ಒಂದು 205ನೇ ಕಲಂ. ಆದಾಯದಿಂದ ತೆರಿಗೆ ಮುರಿದುಕೊಂಡ ಮೇಲೆ, ಮುರಿದಷ್ಟರ ಮಟ್ಟಿಗೆ ಅದನ್ನು ಮತ್ತೆ ಕಟ್ಟು ಎಂದು ನೌಕರನನ್ನು ಕೇಳಕೂಡದು ಎಂದು ಅದು ಹೇಳುತ್ತದೆ. ಮಾಲೀಕ ಆ ಹಣವನ್ನು ಕಟ್ಟಿದ್ದರೆ ಮಾತ್ರ ಎಂಬ ಷರತ್ತು ಅಲ್ಲಿಲ್ಲ. ಇನ್ನೊಂದು 199ನೇ ಕಲಮಿನ ಮೂಲ ರೂಪ. 203ನೇ ಕಲಮಿನಂತೆ ಕೊಟ್ಟ ಪ್ರಮಾಣಪತ್ರವನ್ನು ಹಾಜರುಪಡಿಸಿದರೆ ನೌಕರನಿಗೆ ಜಮೆ ಸಿಗುತ್ತದೆ ಎಂಬುದು ಅದರ ಸಾರ. ಎರಡನ್ನೂ ಒಟ್ಟಿಗೆ ಓದಿದರೆ ಅಂದಿನ ಶಾಸಕರ ಮನಸ್ಸು ಸ್ಪಷ್ಟವಾಗುತ್ತದೆ. ಮಾಲೀಕನು ಸರ್ಕಾರದ ಪರವಾಗಿ ವಸೂಲಿ ಮಾಡುವವನು. ಅವನ ಕೈಗೆ ಹಣ ಬಂದಾಗಲೇ ನೌಕರನ ಬಾಕಿ ತೀರಿತು. ಅದಕ್ಕೆ ಸಾಕ್ಷಿ ಅವನೇ ಸಹಿ ಹಾಕಿಕೊಟ್ಟ ಕಾಗದ. ಅಲ್ಲಿಂದ ಮುಂದಿನದು ಮಾಲೀಕನಿಗೂ ಇಲಾಖೆಗೂ ಸೇರಿದ ವ್ಯವಹಾರ.

ತಾಳೆಯ ಕೆಲಸ ವರ್ಷದ ಕೊನೆಗೇ ಬಂದು ರಾಶಿಬೀಳುವುದಕ್ಕೆ 192ನೇ ಕಲಮಿನ ಸ್ವಭಾವವೇ ಕಾರಣ. ಬಡ್ಡಿ, ಬಾಡಿಗೆ, ಗುತ್ತಿಗೆಯ ಹಣಕ್ಕೆ ಇಂತಿಷ್ಟು ಶೇಕಡಾ ಎಂದು ಹಿಡಿದರೆ ಮುಗಿಯಿತು. ಸಂಬಳದ ಕಡಿತ ಹಾಗಲ್ಲ. ಏಪ್ರಿಲ್‌ನಲ್ಲೇ ನೌಕರನ ಇಡೀ ವರ್ಷದ ಆದಾಯವನ್ನು ಅಂದಾಜು ಮಾಡಿ, ಅದಕ್ಕೆ ಬರುವ ತೆರಿಗೆಯ ಸರಾಸರಿ ದರವನ್ನು ತಿಂಗಳು ತಿಂಗಳಿಗೂ ಅನ್ವಯಿಸಬೇಕು. ನಡುವೆ ಬಡ್ತಿ ಬರಬಹುದು, ತುಟ್ಟಿಭತ್ಯೆಯ ಬಾಕಿ ಕೈಸೇರಬಹುದು, ನೌಕರ ಮನೆ ಬದಲಿಸಬಹುದು, ಉಳಿತಾಯ ಮಾಡುತ್ತೇನೆಂದು ಹೇಳಿ ಮಾಡದಿರಬಹುದು. ಅಂದಾಜಿನ ಹೆಚ್ಚು ಕಡಿಮೆಗಳನ್ನು ಅದೇ ವರ್ಷದೊಳಗೆ ಸರಿಪಡಿಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಆದ್ದರಿಂದಲೇ ಜನವರಿಯಿಂದ ಮಾರ್ಚ್‌ವರೆಗೆ ಬಾಡಿಗೆ ರಸೀದಿ, ವಿಮೆಯ ಕಂತು, ಗೃಹಸಾಲದ ಬಡ್ಡಿಯ ಪತ್ರಗಳಿಗಾಗಿ ಕಚೇರಿಗಳು ನೌಕರರ ಬೆನ್ನು ಹತ್ತುತ್ತವೆ. 2016ರಿಂದ ಇದಕ್ಕೆ ಫಾರಂ 12ಬಿಬಿ ಎಂಬ ನಿಗದಿತ ನಮೂನೆ ಬಂದಿದೆ. ವರ್ಷದ ಮಧ್ಯೆ ಕೆಲಸ ಬದಲಿಸಿದವರ ಸಮಸ್ಯೆ ಇದಕ್ಕಿಂತ ಬಿಗಿಯಾದದ್ದು. ಹಳೆಯ ಕಂಪನಿಯಲ್ಲಿ ಪಡೆದ ಸಂಬಳವನ್ನು ಫಾರಂ 12ಬಿಯಲ್ಲಿ ಹೊಸ ಕಂಪನಿಗೆ ತಿಳಿಸದಿದ್ದರೆ, ಎರಡು ಕಡೆಯೂ ಮೂಲ ವಿನಾಯಿತಿಯನ್ನು ಲೆಕ್ಕಕ್ಕೆ ಹಿಡಿದು ಎರಡು ಕಡೆಯೂ ಕಡಿಮೆ ತೆರಿಗೆ ಮುರಿಯುತ್ತಾರೆ. ಜೂನ್‌ನಲ್ಲಿ ಎರಡು ಫಾರಂ 16 ಕೈಗೆ ಬಂದಾಗ ದೊಡ್ಡ ಮೊತ್ತವೊಂದು ಬಡ್ಡಿಸಮೇತ ಬಾಕಿ ನಿಂತಿರುತ್ತದೆ. ಕೆಲಸ ಬದಲಿಸುವುದು ಮಾಮೂಲಿಯಾಗಿರುವ ಬೆಂಗಳೂರಿನಂಥ ಊರಿನಲ್ಲಿ ಇದು ಸಾವಿರಾರು ಮನೆಗಳ ಅನುಭವ.

ಕಾಗದದ ಕಾಲದಲ್ಲಿ ಫಾರಂ 16ರ ಬೆಲೆ ಅದರ ಮೇಲಿನ ಸಹಿ ಮತ್ತು ಮೊಹರಿನಲ್ಲಿತ್ತು. ನೌಕರ ಅದನ್ನು ತನ್ನ ರಿಟರ್ನಿಗೆ ಲಗತ್ತಿಸಿ ವಾರ್ಡಿನ ಕಚೇರಿಯಲ್ಲಿ ಸಲ್ಲಿಸುತ್ತಿದ್ದ. ಅಧಿಕಾರಿ ಅದನ್ನು ನೋಡಿ ಜಮೆ ಕೊಡುತ್ತಿದ್ದ. ಮಾಲೀಕ ಕೊಟ್ಟ ವಾರ್ಷಿಕ ಪಟ್ಟಿ ಬೇರೆ ಕಡತದಲ್ಲಿ, ಎಷ್ಟೋ ಸಲ ಬೇರೆ ಕಚೇರಿಯಲ್ಲಿ ಇರುತ್ತಿತ್ತು. ಎರಡನ್ನೂ ಎದುರುಬದುರು ಇಟ್ಟು ನೋಡುವುದು ಅಷ್ಟು ಸಂಖ್ಯೆಯ ಕಾಗದಗಳಿಗೆ ಸಾಧ್ಯವೇ ಇರಲಿಲ್ಲ. ಈ ಏರ್ಪಾಟಿನ ದೌರ್ಬಲ್ಯವನ್ನು ಮುಚ್ಚಿಡುವುದು ಸರಿಯಲ್ಲ. ಸುಳ್ಳು ಪ್ರಮಾಣಪತ್ರ ತಯಾರಿಸಿ ಮರುಪಾವತಿ ಹೊಡೆಯುವವರಿಗೆ ಅದು ಬಾಗಿಲು ತೆರೆದಿಟ್ಟಿತ್ತು. ತೆರಿಗೆ ಮುರಿದು ಕಟ್ಟದೆ ಉಳಿಸಿಕೊಂಡ ಮಾಲೀಕರು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಇರಬಹುದಿತ್ತು. ಆದರೂ ಅದರಲ್ಲಿ ಒಂದು ನ್ಯಾಯವಿತ್ತು. ತಾಳೆಯಾಗದ ಲೆಕ್ಕದ ಹೊರೆ ಇಲಾಖೆಯ ಮೇಲಿತ್ತು. ಕಾಗದ ಸುಳ್ಳು ಎಂದು ಅನಿಸಿದರೆ ಅದನ್ನು ಸಾಧಿಸಬೇಕಾದವನು ಅಧಿಕಾರಿ.

2004ರಲ್ಲಿ ಎಲ್ಲವೂ ಏಕಕಾಲಕ್ಕೆ ಬದಲಾಗತೊಡಗಿತು. ಆ ವರ್ಷ ಎನ್‌ಎಸ್‌ಡಿಎಲ್ ಸಂಸ್ಥೆಯ ಮೂಲಕ ತೆರಿಗೆ ಮಾಹಿತಿ ಜಾಲ ಶುರುವಾಯಿತು. ಜೂನ್‌ನಲ್ಲಿ ಬ್ಯಾಂಕುಗಳು ಚಲನ್ ವಿವರವನ್ನು ನೇರವಾಗಿ ಕಂಪ್ಯೂಟರಿನಲ್ಲಿ ಕಳಿಸುವ ಓಲ್ಟಾಸ್ ವ್ಯವಸ್ಥೆ ಬಂತು. ಬ್ಯಾಂಕ್ ಶಾಖೆಯ ಏಳು ಅಂಕಿಯ ಬಿಎಸ್‌ಆರ್ ಸಂಕೇತ, ಹಣ ಕಟ್ಟಿದ ದಿನಾಂಕ, ಐದು ಅಂಕಿಯ ಚಲನ್ ಕ್ರಮಸಂಖ್ಯೆ, ಈ ಮೂರು ಸೇರಿದರೆ ದೇಶದ ಯಾವುದೇ ಪಾವತಿಯನ್ನು ಗುರುತಿಸಬಹುದಾಯಿತು. 2005ರ ಏಪ್ರಿಲ್‌ನಿಂದ ವಾರ್ಷಿಕ ಪಟ್ಟಿಯ ಜಾಗದಲ್ಲಿ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಫಾರಂ 24ಕ್ಯೂ ಬಂತು. ಮೊದಲ ಮೂರು ತ್ರೈಮಾಸಿಕಗಳಲ್ಲಿ ಯಾರಿಂದ ಎಷ್ಟು ಮುರಿಯಿತು, ಯಾವ ಚಲನ್‌ನಲ್ಲಿ ಕಟ್ಟಿತು ಎಂಬಷ್ಟೇ ವಿವರ. ಕೊನೆಯದರಲ್ಲಿ ಎರಡನೇ ಅನುಬಂಧವಾಗಿ ಪ್ರತಿ ನೌಕರನ ಇಡೀ ವರ್ಷದ ಸಂಬಳ, ವಿನಾಯಿತಿ, ಕಡಿತಗಳ ಲೆಕ್ಕ. ಅದೇ 2004ರ ಹಣಕಾಸು ಕಾಯ್ದೆ ಇನ್ನೂ ದೊಡ್ಡ ಹೆಜ್ಜೆಯೊಂದನ್ನು ಇಟ್ಟಿತು. 2005ರ ಏಪ್ರಿಲ್ ನಂತರದ ಕಡಿತಗಳಿಗೆ ಕಾಗದದ ಪ್ರಮಾಣಪತ್ರವೇ ಬೇಡ, ಇಲಾಖೆಯೇ ಪ್ರತಿಯೊಬ್ಬರಿಗೂ ವಾರ್ಷಿಕ ತೆರಿಗೆ ವಿವರಣೆ ಕೊಡುತ್ತದೆ ಎಂದಿತು. ಆ ವಿವರಣೆಯೇ ಫಾರಂ 26ಎಎಸ್.

ಆ ಗಡುವಿನ ಮುಂದಿನ ಕತೆಯನ್ನು ತೆರಿಗೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗಾದರೋ ಇಡೀ ವಿಷಯದ ತಿರುಳು ಅಲ್ಲಿದೆ ಅನಿಸುತ್ತದೆ. 2005ಕ್ಕೆ ಕಾಗದ ಹೋಗಲಿಲ್ಲ. ಗಡುವು 2006ಕ್ಕೆ ಹೋಯಿತು, ಅಲ್ಲಿಂದ 2008ಕ್ಕೆ, ಅಲ್ಲಿಂದ 2010ಕ್ಕೆ. 2010ರ ಹಣಕಾಸು ಕಾಯ್ದೆ ಆ ಪ್ರಸ್ತಾಪವನ್ನೇ ಕೈಬಿಟ್ಟು, ಪ್ರಮಾಣಪತ್ರ ಕೊಡುವ ಹೊಣೆ ಮಾಲೀಕನಿಗೆ ಮುಂದುವರಿಯುತ್ತದೆ ಎಂದಿತು. ಕಂಪ್ಯೂಟರಿನ ಖಾತೆ ಅಷ್ಟು ನಂಬಿಕೆಗೆ ಅರ್ಹವಾಗಿದ್ದರೆ ಹೀಗೆ ಪದೇಪದೇ ಹಿಂದೆ ಸರಿಯುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಇದೇ ವರ್ಷಗಳಲ್ಲಿ, ಸಂಬಳದಾರರ ಗಮನಕ್ಕೆ ಅಷ್ಟಾಗಿ ಬಾರದಂತೆ, 199ನೇ ಕಲಂ ಬದಲಾಯಿತು. ಪ್ರಮಾಣಪತ್ರ ಹಾಜರುಪಡಿಸಿದರೆ ಜಮೆ ಎಂಬ ಮಾತು ಹೋಗಿ, 2009ರ 37ಬಿಎ ನಿಯಮದಲ್ಲಿ ಮಾಲೀಕ ಇಲಾಖೆಗೆ ಕೊಟ್ಟ ಮಾಹಿತಿಯ ಆಧಾರದ ಮೇಲೆ ಜಮೆ ಎಂಬ ಮಾತು ಬಂತು. ಅಷ್ಟರಲ್ಲಿ, 2007ರ ಹೊಸ ನಮೂನೆಗಳಿಂದ, ರಿಟರ್ನಿಗೆ ಯಾವ ಕಾಗದವನ್ನೂ ಲಗತ್ತಿಸಬಾರದು ಎಂಬ ಪದ್ಧತಿಯೂ ನೆಲೆಗೊಂಡಿತ್ತು. ಫಾರಂ 16 ಉಳಿಯಿತು, ಆದರೆ ಅದರ ಬಲ ಹೋಯಿತು. ನೌಕರನ ಕೈಯಲ್ಲಿ ಕಾಗದವಿದ್ದರೂ ಇಲಾಖೆಯ ಖಾತೆಯಲ್ಲಿ ಆ ಸಾಲು ಇಲ್ಲದಿದ್ದರೆ ಜಮೆ ಇಲ್ಲ.

ಆ ಸಾಲು ಕಾಣೆಯಾಗಲು ದೊಡ್ಡ ಮೋಸವೇನೂ ಬೇಕಿಲ್ಲ. ಪ್ಯಾನ್ 1972ರಲ್ಲಿ ಬಂದರೂ ಇಂದಿನ ಹತ್ತು ಅಕ್ಷರಾಂಕಗಳ ರೂಪ ಪಡೆದದ್ದು 1995ರ ನಂತರ. ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ತಪಾಸಣೆಗೆಂದು ಒಂದು ಅಕ್ಷರ. ನಾಲ್ಕನೆಯ ಅಕ್ಷರ ವ್ಯಕ್ತಿಯೋ ಕಂಪನಿಯೋ ಎಂಬುದನ್ನೂ, ಐದನೆಯದು ಕುಲನಾಮದ ಮೊದಲಕ್ಷರವನ್ನೂ ಸೂಚಿಸುತ್ತದೆ. ಅಸ್ತಿತ್ವದಲ್ಲೇ ಇಲ್ಲದ ಸಂಖ್ಯೆಯನ್ನು ಬರೆದರೆ ಯಂತ್ರ ಹಿಡಿದು ನಿಲ್ಲಿಸುತ್ತದೆ. ಆದರೆ ಗುಮಾಸ್ತನು ಒಬ್ಬ ನೌಕರನ ಸಾಲಿನಲ್ಲಿ ಇನ್ನೊಬ್ಬನ ಸಂಖ್ಯೆಯನ್ನು ನಕಲು ಮಾಡಿದರೆ ಅದು ಸಿಂಧುವಾದ ಸಂಖ್ಯೆಯೇ. ಹಣ ನಿಜವಾದ ಇನ್ನೊಬ್ಬ ಮನುಷ್ಯನ ಖಾತೆಗೆ ಜಮೆಯಾಗುತ್ತದೆ, ಚಲನ್‌ನ ಒಟ್ಟು ಮೊತ್ತ ಪೈಸೆಗೆ ಪೈಸೆ ಸರಿಹೊಂದುತ್ತದೆ. ಒಟ್ಟು ಮೊತ್ತ ಸರಿಬಂದರೆ ಲೆಕ್ಕ ಸರಿ ಎನ್ನುವ ಹಳೆಯ ಲೆಕ್ಕಿಗರ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ವರ್ಷಾಂತ್ಯದಲ್ಲಿ ಮೊತ್ತವನ್ನು ಮಾತ್ರವಲ್ಲ, ಒಂದೊಂದು ಸಾಲಿನ ಹೆಸರು ಮತ್ತು ಸಂಖ್ಯೆಯನ್ನೂ ಕಣ್ಣಿಟ್ಟು ನೋಡಬೇಕಾಗುವುದು ಅದಕ್ಕೇ. ಸರ್ಕಾರಿ ನೌಕರರ ವಿಷಯದಲ್ಲಿ ಇನ್ನೊಂದು ಮೆಟ್ಟಿಲಿದೆ. ಬ್ಯಾಂಕಿನಲ್ಲಿ ಚಲನ್ ಕಟ್ಟದೆ ಸಂಬಳದ ಬಿಲ್ಲಿನಲ್ಲಿಯೇ ಲೆಕ್ಕ ಹೊಂದಿಸುವ ಕಡೆ, ಖಜಾನೆ ಅಥವಾ ಲೆಕ್ಕ ಕಚೇರಿಯು 24ಜಿ ಎಂಬ ವಿವರಣೆಯನ್ನು ಪ್ರತಿ ತಿಂಗಳೂ ಸಲ್ಲಿಸಿ ಒಂದು ಗುರುತಿನ ಸಂಖ್ಯೆ ಪಡೆಯುತ್ತದೆ. ವೇತನ ಬಟವಾಡೆ ಅಧಿಕಾರಿಯು ತನ್ನ 24ಕ್ಯೂನಲ್ಲಿ ಅದೇ ಸಂಖ್ಯೆಯನ್ನು ತಪ್ಪಿಲ್ಲದೆ ಬರೆಯಬೇಕು. ಎರಡು ಕಚೇರಿಗಳ ನಡುವೆ ಒಂದು ಅಂಕಿ ಹೆಚ್ಚುಕಡಿಮೆಯಾದರೆ, ತಾಲ್ಲೂಕಿನ ಮೂಲೆಯ ಶಾಲೆಯ ಶಿಕ್ಷಕಿಯ ಸಂಬಳದಿಂದ ಸರ್ಕಾರವೇ ಮುರಿದುಕೊಂಡ ತೆರಿಗೆ ಸರ್ಕಾರದ ಖಾತೆಯಲ್ಲೇ ಕಾಣದೆ ಹೋಗುತ್ತದೆ. 1886ರಲ್ಲಿ ಏಳದ ಪ್ರಶ್ನೆ ಈಗ ಸರ್ಕಾರಿ ಸಂಬಳಕ್ಕೂ ಬಂದು ತಗುಲಿಕೊಂಡಿದೆ.

ಇಂಥ ಸಣ್ಣ ತಪ್ಪುಗಳು ದೊಡ್ಡ ಪ್ರಮಾಣದ ತೊಂದರೆಯಾದದ್ದು ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಕೆಲಸ ಆರಂಭಿಸಿದ ಮೇಲೆ. 2009–10ರ ಸುಮಾರಿಗೆ ಸಿಪಿಸಿ ಎಂದೇ ಹೆಸರಾದ ಆ ಕೇಂದ್ರ, ದೇಶದ ರಿಟರ್ನುಗಳನ್ನು ಅಧಿಕಾರಿಯ ಕೈ ತಾಗದಂತೆ ಯಂತ್ರದಲ್ಲೇ ಪರಿಶೀಲಿಸತೊಡಗಿತು. ಅದರಿಂದ ಆದ ಉಪಕಾರ ದೊಡ್ಡದು. ಮರುಪಾವತಿಗಾಗಿ ವರ್ಷಗಟ್ಟಲೆ ವಾರ್ಡಿನ ಬಾಗಿಲು ಕಾಯುವ ಅವಸ್ಥೆ ಹೋಯಿತು. ಆದರೆ 26ಎಎಸ್‌ನಲ್ಲಿ ಇಲ್ಲದ ಕಡಿತವನ್ನು ಯಂತ್ರ ಒಪ್ಪುವುದಿಲ್ಲ. ಒಪ್ಪದಷ್ಟು ಮೊತ್ತ ಬಾಕಿಯಾಗಿ ಬದಲಾಗುತ್ತದೆ, ಆ ಬಾಕಿಯನ್ನು ಮುಂದಿನ ವರ್ಷದ ಮರುಪಾವತಿಯಿಂದ ಹಿಡಿದುಕೊಳ್ಳಲಾಗುತ್ತದೆ. ಲೆಕ್ಕ ಪರಿಶೋಧಕರೊಬ್ಬರು ಬರೆದ ಪತ್ರವನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿ ದೆಹಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಿ 2013ರ ಮಾರ್ಚ್ 14ರಂದು ಕೊಟ್ಟ ತೀರ್ಪು ಈ ಸ್ಥಿತಿಯ ಅಧಿಕೃತ ದಾಖಲೆ. ತಾಳೆಯಾಗದ್ದಕ್ಕೆ ಬಹುಪಾಲು ಕಾರಣ ಮಾಲೀಕರು ಸಲ್ಲಿಸಿದ ವಿವರಗಳಲ್ಲಿನ ದೋಷ, ಅದಕ್ಕೆ ತೆರಿಗೆದಾರನನ್ನು ಬಲಿಕೊಡಬಾರದು, ಮುನ್ಸೂಚನೆಯಿಲ್ಲದೆ ಮರುಪಾವತಿಯನ್ನು ಬಾಕಿಗೆ ಹೊಂದಿಸಬಾರದು ಎಂಬುದು ಆ ತೀರ್ಪಿನ ದಿಕ್ಕು. ಅದನ್ನು ಅನುಸರಿಸಿ ಕೇಂದ್ರೀಯ ನೇರ ತೆರಿಗೆ ಮಂಡಳಿ ಅದೇ ವರ್ಷದ ಜುಲೈನಲ್ಲಿ ಹೊರಡಿಸಿದ ಸೂಚನೆಯಂತೆ, ತೆರಿಗೆದಾರ ಸಾಕ್ಷ್ಯದೊಂದಿಗೆ ಬಂದರೆ ಅಧಿಕಾರಿ ಪರಿಶೀಲಿಸಿ ಜಮೆ ಕೊಡಬೇಕು. 1961ರ ಕಾನೂನು ಸಹಜವಾಗಿ ಕೊಟ್ಟಿದ್ದನ್ನು ಈಗ ಅರ್ಜಿ ಹಿಡಿದು ಕೇಳಬೇಕಾಯಿತು.

ಹಣವನ್ನು ಕಟ್ಟಿ ವಿವರದಲ್ಲಿ ಎಡವುವುದು ಒಂದು, ಕಟ್ಟದೇ ಇರುವುದು ಇನ್ನೊಂದು. ಎರಡನೆಯದಕ್ಕೆ ಬೆಂಗಳೂರಿನ ಉದಾಹರಣೆಯೇ ದೇಶಕ್ಕೆಲ್ಲ ಗೊತ್ತಿದೆ. ಯುಬಿ ಸಮೂಹದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸುವ ಮೊದಲೇ ನೌಕರರ ಸಂಬಳದಿಂದ ಮುರಿದ ತೆರಿಗೆಯನ್ನು ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಂಡಿತ್ತು. ಸಂಬಳವೂ ಬಾರದ ತಿಂಗಳುಗಳನ್ನು ಕಂಡ ಪೈಲಟ್‌ಗಳು, ತಂತ್ರಜ್ಞರು, ಗಗನಸಖಿಯರು ಆಮೇಲೆ, ಬಂದ ಸಂಬಳದಿಂದ ಈಗಾಗಲೇ ಕಳೆದುಕೊಂಡಿದ್ದ ತೆರಿಗೆಗೆ ನೋಟಿಸು ಪಡೆದರು. 205ನೇ ಕಲಂ ಏನು ಹೇಳುತ್ತದೆ ಎಂಬುದರಲ್ಲಿ ಅಷ್ಟರಲ್ಲಿ ಸಂಶಯ ಉಳಿದಿರಲಿಲ್ಲ. ಕರ್ನಾಟಕ ಹೈಕೋರ್ಟ್ 2005ರ ವೇಳೆಗೇ, ಬಾಂಬೆ ಹೈಕೋರ್ಟ್ 2007ರಲ್ಲಿ, ಮುರಿದ ತೆರಿಗೆಯನ್ನು ಮುರಿಸಿಕೊಂಡವರಿಂದ ಮತ್ತೆ ವಸೂಲು ಮಾಡಲಾಗದು ಎಂದಿದ್ದವು. 2015ರ ಜೂನ್‌ನಲ್ಲೂ 2016ರ ಮಾರ್ಚ್‌ನಲ್ಲೂ ಮಂಡಳಿಯೇ ತನ್ನ ಅಧಿಕಾರಿಗಳಿಗೆ ಬರೆದು, ಇಂಥ ಬಾಕಿಯನ್ನು ಬಲವಂತವಾಗಿ ವಸೂಲು ಮಾಡಬೇಡಿ ಎಂದಿತು. ಆದರೂ ಆ ಕಂಪನಿಯ ಪೈಲಟ್ ಒಬ್ಬರು ಗುಜರಾತ್ ಹೈಕೋರ್ಟಿನ ಮೆಟ್ಟಿಲೇರಿ ಪರಿಹಾರ ಪಡೆಯುವಷ್ಟರಲ್ಲಿ 2021 ಬಂದಿತ್ತು. ವಿಮಾನಗಳು ನಿಂತು ಒಂಬತ್ತು ವರ್ಷ ಕಳೆದಿತ್ತು. ಮಂಡಳಿಯ ಪತ್ರದ ಮಾತನ್ನೂ ಗಮನಿಸಬೇಕು. ಅದು ವಸೂಲಿಯನ್ನು ತಡೆಯಿತು, ಖಾತೆಯ ಆ ಸಾಲನ್ನು ತಿದ್ದಲಿಲ್ಲ. ಪರದೆಯ ಮೇಲೆ ಆ ಬಾಕಿ ಹಾಗೆಯೇ ನಿಂತಿರುತ್ತದೆ, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ, ಕಂಪ್ಯೂಟರಿನ ತಾಳೆ ಇಲ್ಲದಿದ್ದರೆ ಬೊಕ್ಕಸ ಸೋರಿಹೋಗುತ್ತದೆ ಎಂಬುದು. ಇದರಲ್ಲಿ ಹುರುಳಿದೆ. 2018ರಲ್ಲಿ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳ ನೌಕರರು ತೆರಿಗೆ ಸಲಹೆಗಾರರೊಬ್ಬರ ಮೂಲಕ ಸುಳ್ಳು ಕಡಿತಗಳನ್ನು ತೋರಿಸಿ ಮರುಪಾವತಿ ಪಡೆದ ಜಾಲ ಬಯಲಾಯಿತು. ಆ ಏಪ್ರಿಲ್‌ನಲ್ಲಿ ಇಲಾಖೆ ಸಂಬಳದಾರರಿಗೆಲ್ಲ ಎಚ್ಚರಿಕೆಯ ಪ್ರಕಟಣೆ ಕೊಟ್ಟಿತು. ಮರುವರ್ಷವೇ ಫಾರಂ 16ರ ಸಂಬಳದ ಲೆಕ್ಕವಿರುವ ಬಿ ಭಾಗ ಮತ್ತು 24ಕ್ಯೂನ ಎರಡನೇ ಅನುಬಂಧವನ್ನು ಒಂದೇ ಅಚ್ಚಿನಲ್ಲಿ, ಪ್ರತಿ ಭತ್ಯೆ ಪ್ರತಿ ಕಡಿತ ಬೇರೆಬೇರೆ ಕಾಣುವಂತೆ ಬದಲಿಸಲಾಯಿತು. ಆದರೆ ಆ ಜಾಲ ನಡೆದದ್ದು ಎಲ್ಲಿ ಎಂದು ನೋಡಿ. ಮಾಲೀಕ ಮುರಿದು ಕಟ್ಟಿದ ತೆರಿಗೆಯಲ್ಲಿ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ನೌಕರ ರಿಟರ್ನಿನಲ್ಲಿ ತಾನಾಗಿ ಸೇರಿಸಿದ ವಿನಾಯಿತಿಗಳಲ್ಲಿ. ಅಂಥ ಸುಳ್ಳನ್ನು ಹಿಡಿಯಲು ಸರ್ಕಾರದ ಕೈಯಲ್ಲಿ ಒಳ್ಳೆಯ ಖಾತೆ ಇರಲೇಬೇಕು. ಕಾಗದದ ಕಾಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. 2013ರಿಂದ ಫಾರಂ 16ರ ತೆರಿಗೆ ಕಡಿತದ ವಿವರವಿರುವ ಎ ಭಾಗವನ್ನು ಇಲಾಖೆಯ ಟ್ರೇಸಸ್ ತಾಣದಿಂದಲೇ ಇಳಿಸಿಕೊಳ್ಳಬೇಕು ಎಂಬ ನಿಯಮ ಬಂದಾಗ ನಕಲಿ ಪ್ರಮಾಣಪತ್ರಕ್ಕೆ ಆಸ್ಪದವೇ ಇಲ್ಲವಾಯಿತು. ಅದು ಒಳ್ಳೆಯ ಸುಧಾರಣೆ. ಆದರೆ ಮೋಸಗಾರನನ್ನು ತಡೆಯಲು ಹೂಡಿದ ಏರ್ಪಾಟಿನಲ್ಲಿ, ಮಾಲೀಕನ ತಪ್ಪಿನಿಂದ ನೊಂದವನಿಗೂ ಮೋಸಗಾರನಿಗೂ ಯಂತ್ರ ಒಂದೇ ಉತ್ತರ ಕೊಡುತ್ತಿದೆ. ಇಬ್ಬರ ಲೆಕ್ಕವೂ ತಾಳೆಯಾಗುವುದಿಲ್ಲ, ಅಷ್ಟೆ.

ಇನ್ನೊಂದು ಆಕ್ಷೇಪ, ಈಗ ನೌಕರನೇ ನೋಡಿಕೊಳ್ಳಬಹುದಲ್ಲ ಎಂಬುದು. 26ಎಎಸ್ ಮನೆಯಲ್ಲೇ ಕೂತು ತೆರೆಯಬಹುದು, 2021ರ ನವೆಂಬರ್‌ನಿಂದ ಎಐಎಸ್ ಎಂಬ ಇನ್ನೂ ವಿಸ್ತಾರವಾದ ವಿವರಣೆ ಇದೆ, ಅದರಲ್ಲಿ ತನ್ನ ಪ್ರತಿಕ್ರಿಯೆಯನ್ನೂ ದಾಖಲಿಸಬಹುದು. ನಿಜ. ನೋಡುವ ಹಕ್ಕು ಬಂದದ್ದು ದೊಡ್ಡ ಗಳಿಕೆ. 1922ರ ವಾರ್ಷಿಕ ಪಟ್ಟಿಯಲ್ಲಿ ತನ್ನ ಬಗ್ಗೆ ಏನು ಬರೆದಿದೆ ಎಂಬುದನ್ನು ತಿಳಿಯಲು ಆ ಕಾಲದ ನೌಕರನಿಗೆ ದಾರಿಯೇ ಇರಲಿಲ್ಲ. ಆದರೆ ನೋಡುವುದು ಬೇರೆ, ತಿದ್ದುವುದು ಬೇರೆ. 24ಕ್ಯೂಗೆ ತಿದ್ದುಪಡಿ ಸಲ್ಲಿಸಬಲ್ಲವನು ತೆರಿಗೆ ಮುರಿಯುವವರಿಗೆ ಕೊಡುವ ಟ್ಯಾನ್ ಸಂಖ್ಯೆಯುಳ್ಳ ಮಾಲೀಕ ಮಾತ್ರ. ಮುಚ್ಚಿಹೋದ ಕಂಪನಿ, ಜಗಳವಾಡಿ ಬಿಟ್ಟುಬಂದ ಕಂಪನಿ, ಲೆಕ್ಕಿಗ ಬದಲಾದ ಸಣ್ಣ ಸಂಸ್ಥೆ, ಇವುಗಳ ಹಿಂದೆ ಬಿದ್ದು ತಿದ್ದಿಸಿಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ಕಾಲವೂ ಕಡಿಮೆ. ಕೊನೆಯ ತ್ರೈಮಾಸಿಕದ ವಿವರಕ್ಕೆ ಗಡುವು ಮೇ 31, ಫಾರಂ 16ಕ್ಕೆ ಜೂನ್ 15, ಸಂಬಳದಾರರ ರಿಟರ್ನಿಗೆ ಸಾಮಾನ್ಯವಾಗಿ ಜುಲೈ 31. ತಪ್ಪು ಕಣ್ಣಿಗೆ ಬೀಳುವುದು, ಮಾಲೀಕನಿಗೆ ತಿಳಿಸುವುದು, ಅವನು ತಿದ್ದುವುದು, ಅದು ಖಾತೆಯಲ್ಲಿ ಕಾಣುವುದು ಎಲ್ಲವೂ ಆ ಒಂದೂವರೆ ತಿಂಗಳಿನಲ್ಲಿ ಆಗಬೇಕು. ಅಮೆರಿಕದ ಪದ್ಧತಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿ 1943ರ ಕಾನೂನು ಸಂಬಳದಿಂದ ತೆರಿಗೆ ಹಿಡಿಯುವುದನ್ನು ಸಾರ್ವತ್ರಿಕ ಮಾಡಿತು. ನಮ್ಮ ಫಾರಂ 16ರಂತೆ ಅಲ್ಲಿ ಡಬ್ಲ್ಯು-2. ನಾಲ್ಕು ತ್ರೈಮಾಸಿಕಗಳ 941 ನಮೂನೆಯ ಮೊತ್ತವೂ ಡಬ್ಲ್ಯು-2ಗಳ ಒಟ್ಟು ತೋರಿಸುವ ಡಬ್ಲ್ಯು-3 ಕೂಡ ಒಂದಾಗಬೇಕು. ಮಾಲೀಕ ಡಬ್ಲ್ಯು-2 ಕೊಡದಿದ್ದರೆ ಅಥವಾ ತಪ್ಪನ್ನು ತಿದ್ದಲು ಒಪ್ಪದಿದ್ದರೆ ನೌಕರನು ತನ್ನ ಸಂಬಳದ ಚೀಟಿಗಳ ಆಧಾರದಲ್ಲಿ 4852 ಎಂಬ ಬದಲಿ ನಮೂನೆಯನ್ನು ತಾನೇ ತುಂಬಿ ರಿಟರ್ನಿನೊಂದಿಗೆ ಸಲ್ಲಿಸಬಹುದು. ಅದನ್ನು ಒಪ್ಪಿಯೇ ತೀರುತ್ತಾರೆಂದಲ್ಲ. ಆದರೆ ನೌಕರನ ಮಾತಿಗೂ ಒಂದು ನಮೂನೆ ಇದೆ, ಒಂದು ಸ್ಥಾನ ಇದೆ. ನಮ್ಮಲ್ಲಿ ಆ ನಮೂನೆ ಇಲ್ಲ.

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ಸರ್ಕಾರದ ವಸೂಲಿ ಕೆಲಸವನ್ನು ಸಂಬಳವಿಲ್ಲದೆ ಮಾಡುವವರು ನಾವು, ಮೇಲಾಗಿ ದಂಡವೂ ನಮಗೇ ಎಂಬ ಅವರ ದೂರು ಸುಳ್ಳಲ್ಲ. ಮುರಿದದ್ದನ್ನು ಕಟ್ಟಲು ತಡವಾದರೆ ತಿಂಗಳಿಗೆ ಶೇಕಡಾ ಒಂದೂವರೆ ಬಡ್ಡಿ, ಕಟ್ಟದೇ ಹೋದರೆ 1961ರ ಕಾಯ್ದೆಯ 276ಬಿ ಕಲಮಿನಲ್ಲಿ ಮೂರು ತಿಂಗಳಿಂದ ಏಳು ವರ್ಷದವರೆಗೆ ಸೆರೆವಾಸವಿತ್ತು. 2012ರ ಜುಲೈನಿಂದ ವಿವರಣೆ ತಡವಾದ ಪ್ರತಿ ದಿನಕ್ಕೂ 200 ರೂಪಾಯಿ ಶುಲ್ಕ ಸೇರಿತು. ಆ ಶುಲ್ಕವನ್ನು 2015ರ ಜೂನ್‌ಗಿಂತ ಹಿಂದಿನ ಅವಧಿಗೆ ಯಂತ್ರದ ಸೂಚನೆಯಲ್ಲೇ ಹೇರಿದ್ದನ್ನು ಕರ್ನಾಟಕ ಹೈಕೋರ್ಟ್ 2016ರಲ್ಲಿ ರದ್ದುಮಾಡಬೇಕಾಯಿತು. ಐದು ಜನ ನೌಕರರಿರುವ ಒಂದು ಮುದ್ರಣಾಲಯಕ್ಕೂ ಐವತ್ತು ಸಾವಿರ ನೌಕರರ ಕಂಪನಿಗೂ ಒಂದೇ ನಮೂನೆ, ಒಂದೇ ಗಡುವು. ಆದರೆ ಈ ದಂಡಗಳ ಪಟ್ಟಿಯನ್ನು ಗಮನವಿಟ್ಟು ಓದಿದರೆ ಅವುಗಳ ಸ್ವರೂಪ ತಿಳಿಯುತ್ತದೆ. ಬಡ್ಡಿ ಬೊಕ್ಕಸಕ್ಕೆ, ಶುಲ್ಕ ಬೊಕ್ಕಸಕ್ಕೆ, ಜುಲ್ಮಾನೆಯೂ ಬೊಕ್ಕಸಕ್ಕೆ. ತಪ್ಪು ಪ್ಯಾನ್ ಬರೆದದ್ದರಿಂದ ಮರುಪಾವತಿ ತಪ್ಪಿಹೋದ ನೌಕರನಿಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಮಾಲೀಕನನ್ನು ಇನ್ನಷ್ಟು ದಂಡಿಸುವುದರಿಂದ ನೌಕರನ ಖಾತೆ ಸರಿಹೋಗುವುದಿಲ್ಲ. ಸಂಬಳದ ಚೀಟಿ ಮತ್ತು ಬ್ಯಾಂಕ್ ಪುಸ್ತಕ ತೋರಿಸಿದ ನೌಕರನ ಹೇಳಿಕೆಯನ್ನು ಮೊದಲು ಒಪ್ಪಿ, ತಾಳೆಯಾಗದ ವ್ಯತ್ಯಾಸವನ್ನು ಟ್ಯಾನ್ ಹೊಂದಿದವರ ಹೆಸರಿಗೆ ಬಾಕಿಯಾಗಿ ಬರೆದರೆ ಸರಿಹೋಗುತ್ತದೆ. 205ನೇ ಕಲಮಿನ ಅರ್ಥ ಕಂಪ್ಯೂಟರಿಗೆ ಅರ್ಥವಾಗುವ ರೀತಿಯಲ್ಲಿ ಬರೆದರೆ ಅದು ಇದೇ.

ಈ ಬೇಡಿಕೆಗೆ ಈಗ ಹಿಂದಿಲ್ಲದ ತುರ್ತು ಬಂದಿದೆ. ಬಹುಕಾಲ ಮಾಲೀಕರು ಎಷ್ಟು ವರ್ಷ ಹಿಂದಿನ 24ಕ್ಯೂ ವಿವರವನ್ನಾದರೂ ತಿದ್ದಬಹುದಿತ್ತು. ಹಳೆಯ ಬಾಕಿಯ ನೋಟಿಸು ಬಂದವರು ಹಳೆಯ ಕಚೇರಿಗೆ ಹೋಗಿ ವಿನಂತಿಸಿ ತಿದ್ದಿಸಿಕೊಂಡು ಬರುವುದಕ್ಕೆ ಅದೊಂದು ದಾರಿಯಾಗಿತ್ತು. 2024ರ ಎರಡನೇ ಹಣಕಾಸು ಕಾಯ್ದೆ ಅದಕ್ಕೆ ಆರು ವರ್ಷದ ಮಿತಿ ಹಾಕಿತು. 2025ರ ಆಗಸ್ಟ್‌ನಲ್ಲಿ ಅಂಗೀಕಾರವಾಗಿ 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಪಡೆದ ಹೊಸ ಆದಾಯ ತೆರಿಗೆ ಕಾಯ್ದೆ, ಹಿಂದಿನ ವರ್ಷ ಮತ್ತು ನಿರ್ಧಾರಣಾ ವರ್ಷ ಎಂಬ ಎರಡು ಹೆಸರುಗಳ ಗೊಂದಲವನ್ನು ತೆಗೆದು ತೆರಿಗೆ ವರ್ಷ ಎಂಬ ಒಂದೇ ಹೆಸರನ್ನು ತಂದಿದೆ. ಜೊತೆಗೆ ತಿದ್ದುಪಡಿಯ ಮಿತಿಯನ್ನು ವಿವರ ಸಲ್ಲಿಸಬೇಕಿದ್ದ ತೆರಿಗೆ ವರ್ಷ ಮುಗಿದ ಮೇಲೆ ಎರಡು ವರ್ಷಕ್ಕೆ ಇಳಿಸಿದೆ. ಲೆಕ್ಕಗಳು ಬೇಗ ಅಂತಿಮವಾಗಬೇಕು ಎಂಬ ಅದರ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಬಾಕಿಯ ನೋಟಿಸು ಎರಡು ವರ್ಷ ಕಳೆದ ಮೇಲೂ ಬರಬಹುದು. ಮಾಲೀಕ ಮನಸ್ಸು ಮಾಡಿದರೂ ಆಗ ಆ ಸಾಲನ್ನು ತಿದ್ದಲಾರ. ತಿದ್ದುವ ಬಾಗಿಲು ಮುಚ್ಚಿದ ಮೇಲೆ ನೌಕರನಿಗೆ ಉಳಿಯುವ ದಾರಿ ಅಧಿಕಾರಿಗೆ ಅರ್ಜಿ, ಅದೂ ಸಾಗದಿದ್ದರೆ ಹೈಕೋರ್ಟು. ಹಾಗಾಗಿ ಮಾರ್ಚ್ ಕಳೆದ ಮೇಲೆ ಸಂಬಳ ವಿಭಾಗಗಳು ಕೊನೆಯ 24ಕ್ಯೂ ಸಲ್ಲಿಸುವ ಮೊದಲೇ ಅದರಲ್ಲಿನ ಅವನವನ ಸಾಲನ್ನು ಪ್ರತಿ ನೌಕರನಿಗೂ ಕಳಿಸಿ, ಪ್ಯಾನ್, ಒಟ್ಟು ಸಂಬಳ, ಹಿಡಿದ ತೆರಿಗೆ ಈ ಮೂರಕ್ಕೂ ಅವನ ಒಪ್ಪಿಗೆ ಪಡೆಯುವುದನ್ನು ಕಡ್ಡಾಯ ಮಾಡಬೇಕಾಗಿದೆ. ತಂತ್ರಾಂಶ ಬಳಸುವ ಯಾವ ಸಂಸ್ಥೆಗೂ ಇದು ಹೆಚ್ಚಿನ ಕೆಲಸವಲ್ಲ. ಹೊಸ ಕಾಯ್ದೆಯ ನಿಯಮಗಳಲ್ಲಿ ಇದಕ್ಕೊಂದು ಉಪನಿಯಮ ಸೇರಿಸಿದರೆ ಸಾಕು.